ಗೋಕಟ್ಟೆ ಎಲ್ಲಿ ತೋಡಬೇಕು? ಮೊಬೈಲಿನ ನಕ್ಷೆ ನೋಡಿ ತಿಳಿಯೋಣ

ಪಶುವೈದ್ಯಾಧಿಕಾರಿ, ತಾಂತ್ರಿಕ ವಿಭಾಗ



ಎರಡು ವರ್ಷದ ಹಿಂದಿನ ಏಪ್ರಿಲ್ ತಿಂಗಳು. ನಮ್ಮ ಬಯಲುಸೀಮೆಯ ಒಂದು ಊರಿನ ಮಹಿಳಾ ಹಾಲು ಉತ್ಪಾದಕರ ಸಂಘದಿಂದ ತುರ್ತು ಕರೆ ಬಂತು. ಮಿಶ್ರತಳಿ ಹಸು, ಎರಡು ದಿನದಿಂದ ಮೇವು ಮುಟ್ಟಿಲ್ಲ, ಸಗಣಿ ಹಾಕಿಲ್ಲ ಎಂದರು. ಹೋಗಿ ನೋಡಿದರೆ ಹೊಟ್ಟೆಯ ಎಡಭಾಗ ಗಟ್ಟಿಯಾಗಿ ಬಿಗಿದಿತ್ತು. ಒಣ ರಾಗಿಹುಲ್ಲು ತಿಂದು, ಸಾಕಷ್ಟು ನೀರು ಕುಡಿಯದೆ ಮೇವು ಒಳಗೇ ಕಟ್ಟಿಕೊಂಡಿತ್ತು. ಚಿಕಿತ್ಸೆ ಕೊಡುತ್ತಾ "ದಿನಕ್ಕೆ ಎಷ್ಟು ನೀರು ಕುಡಿಸ್ತೀರಮ್ಮ?" ಎಂದು ಕೇಳಿದೆ.

"ಎರಡು ಬಿಂದಿಗೆ ಡಾಕ್ಟ್ರೇ. ಟ್ಯಾಂಕರ್ ನೀರು. ಅಷ್ಟೇ ಸಿಗೋದು."

"ಊರ ಹೊರಗೆ ಗೋಕಟ್ಟೆ ಇದೆಯಲ್ಲ?"

"ಅದರಲ್ಲಿ ಹುಡುಗರು ಕ್ರಿಕೆಟ್ ಆಡ್ತಾರೆ."

ಜಗಲಿಯ ಮೇಲೆ ಕೂತಿದ್ದ ಅಜ್ಜಿ ನಡುವೆ ಬಾಯಿ ಹಾಕಿದರು: "ನೀರು ಅಲ್ಲಿಗೆ ಬರೋದೇ ಇಲ್ಲ ಕಣಮ್ಮ. ಮಳೆ ನೀರೆಲ್ಲ ಹುಣಸೆಮರದ ಪಕ್ಕದಲ್ಲಿ ಹರಿದು ಹೋಗ್ತದೆ. ತೋಡೋವಾಗ ನಮ್ಮನ್ನ ಯಾರು ಕೇಳಿದ್ರು?"

ಅಂದು ಸಂಜೆ ಹಾಲು ಹಾಕುವ ಹೊತ್ತಿಗೆ ಸಂಘದ ಕಾರ್ಯದರ್ಶಿಯವರ ಮೊಬೈಲಿನಲ್ಲೇ ನಕ್ಷೆ ತೆರೆದು ನೋಡಿದೆವು. ಅಜ್ಜಿ ಹೇಳಿದ್ದು ನಿಜವಾಗಿತ್ತು. ಗೋಕಟ್ಟೆ ಇದ್ದದ್ದು ದಿಣ್ಣೆಯ ಮೇಲೆ. ಹಳ್ಳ ಇದ್ದದ್ದು ಅಲ್ಲಿಂದ ಸುಮಾರು 200 ಮೀಟರ್ ದೂರದಲ್ಲಿ, ತಗ್ಗಿನಲ್ಲಿ. ಕೆಲಸ ಆಗುವ ಮೊದಲೇ ಯಾರಾದರೂ ಹತ್ತು ನಿಮಿಷ ಈ ನಕ್ಷೆ ನೋಡಿದ್ದರೆ, ಅಜ್ಜಿಯನ್ನು ಒಂದು ಮಾತು ಕೇಳಿದ್ದರೆ, ಆ ಹಣ ಮಣ್ಣುಪಾಲಾಗುತ್ತಿರಲಿಲ್ಲ. ನಕ್ಷೆ ನೋಡುವುದನ್ನು ನೀವೆಲ್ಲರೂ ಕಲಿಯಬೇಕು ಎಂದು ಈ ಪಾಠ ಬರೆಯುತ್ತಿದ್ದೇನೆ.

ಹಸುವಿಗೆ ನೀರು ಎಷ್ಟು ಬೇಕು?

ಹಾಲಿನಲ್ಲಿ ಶೇ. 87ರಷ್ಟು ನೀರೇ ಇರುತ್ತದೆ. ಒಂದು ಮಿಶ್ರತಳಿ ಹಸುವಿನ ದೇಹದ ನಿರ್ವಹಣೆಗೆ ದಿನಕ್ಕೆ 30ರಿಂದ 40 ಲೀಟರ್ ನೀರು ಬೇಕು. ಅದರ ಮೇಲೆ ಕೊಡುವ ಪ್ರತಿ ಲೀಟರ್ ಹಾಲಿಗೆ 3ರಿಂದ 4 ಲೀಟರ್ ಬೇಕು. ಅಂದರೆ 10 ಲೀಟರ್ ಹಾಲು ಕೊಡುವ ಹಸುವಿಗೆ 60ರಿಂದ 80 ಲೀಟರ್. ಬೇಸಿಗೆಯಲ್ಲಿ, ಅದರಲ್ಲೂ ಹಸಿಮೇವಿಲ್ಲದೆ ಒಣಹುಲ್ಲಿನ ಮೇಲೆ ಇರುವಾಗ, ಇನ್ನೂ ಹೆಚ್ಚು. ಎರಡು ಬಿಂದಿಗೆ ಎಂದರೆ 25-30 ಲೀಟರ್ ಅಷ್ಟೆ. ಹಿಂಡಿ-ಬೂಸಾ ಎಷ್ಟು ಹಾಕಿದರೂ ನೀರು ಕಡಿಮೆಯಾದರೆ ಹಾಲು ಕಡಿಮೆಯಾಗುತ್ತದೆ.

ಊರಿನಲ್ಲಿ 60 ರಾಸುಗಳಿದ್ದು, ಒಂದಕ್ಕೆ ಸರಾಸರಿ 60 ಲೀಟರ್ ಎಂದರೂ ದಿನಕ್ಕೆ 3,600 ಲೀಟರ್ ನೀರು ಬೇಕು. ಅಷ್ಟು ನೀರನ್ನು ಕೊಡದಲ್ಲಿ ಹೊರುವವರು ಯಾರು? ಬಹುತೇಕ ಮನೆಗಳಲ್ಲಿ ನೀವೇ. ಆದ್ದರಿಂದ ಗೋಕಟ್ಟೆ ಎಲ್ಲಿರಬೇಕು ಎಂದು ಹೇಳುವ ಹಕ್ಕು ಎಲ್ಲರಿಗಿಂತ ಮೊದಲು ನಿಮಗಿದೆ.

ಜಲಾನಯನ ಎಂದರೇನು?

ಹೆಂಚಿನ ಮನೆಯ ಮಾಡನ್ನು ನೆನಪಿಸಿಕೊಳ್ಳಿ. ನೆತ್ತಿಯ ಒಂದು ಬದಿಗೆ ಬಿದ್ದ ಮಳೆ ಮುಂದಿನ ಅಂಗಳಕ್ಕೆ ಇಳಿಯುತ್ತದೆ, ಇನ್ನೊಂದು ಬದಿಗೆ ಬಿದ್ದದ್ದು ಹಿತ್ತಲಿಗೆ ಇಳಿಯುತ್ತದೆ. ಭೂಮಿಯೂ ಹೀಗೆಯೇ. ಎರಡು ದಿಣ್ಣೆಗಳ ನಡುವೆ ಬಿದ್ದ ಮಳೆಯೆಲ್ಲ ಒಂದೇ ಹಳ್ಳಕ್ಕೆ ಸೇರುವುದಾದರೆ, ಆ ಇಡೀ ಪ್ರದೇಶವನ್ನು ಆ ಹಳ್ಳದ ಜಲಾನಯನ ಎನ್ನುತ್ತೇವೆ. ಹಂಡೆಯನ್ನು ಸೂರಿನ ಕೆಳಗೆ ಇಟ್ಟರೆ ತುಂಬುತ್ತದೆ, ಅಂಗಳದ ನಡುವೆ ಇಟ್ಟರೆ ತುಂಬುವುದಿಲ್ಲ. ಗೋಕಟ್ಟೆ, ಕೃಷಿಹೊಂಡ, ಚೆಕ್ ಡ್ಯಾಮ್ ಎಲ್ಲಕ್ಕೂ ಇದೇ ಲೆಕ್ಕ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ವರ್ಷವಿಡೀ ಹರಿಯುವ ನದಿ ಇಲ್ಲದ ಕೋಲಾರದ ಕಡೆ ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹೋಗುವಂತೆ ಕೆರೆಗಳನ್ನು ಸರಪಳಿಯಾಗಿ ಕಟ್ಟಿದ್ದಾರೆ. ಮೊಬೈಲಿನಲ್ಲಿ ಉಪಗ್ರಹದ ಚಿತ್ರ ತೆರೆದು ನೋಡಿ, ಆ ಸರಪಳಿ ಇಂದಿಗೂ ಕಾಣುತ್ತದೆ.

ಯಾವ ನಕ್ಷೆಯಲ್ಲಿ ಏನು ಸಿಗುತ್ತದೆ?

ಕೆಳಗಿನ ನಾಲ್ಕಕ್ಕೂ ಹಣ ಕೊಡಬೇಕಾಗಿಲ್ಲ.

1. ಗೂಗಲ್ ಮ್ಯಾಪ್ಸ್: ಹೆಚ್ಚಿನ ಮೊಬೈಲ್‌ಗಳಲ್ಲಿ ಮೊದಲೇ ಇರುತ್ತದೆ. ಪದರಗಳ ಗುರುತು ಒತ್ತಿ 'ಸ್ಯಾಟಲೈಟ್' ಆರಿಸಿದರೆ ಊರನ್ನು ಮೇಲಿನಿಂದ ನೋಡಬಹುದು. 'ಟೆರೇನ್' ಆರಿಸಿದರೆ ದಿಣ್ಣೆ-ತಗ್ಗುಗಳ ನೆರಳು ಮತ್ತು ಸಮಎತ್ತರದ ಗೆರೆಗಳು ಕಾಣುತ್ತವೆ.

2. ಗೂಗಲ್ ಅರ್ಥ್: ಇದರಲ್ಲಿ ಒಂದು ಜಾಗ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂದು ತಿಳಿಯುತ್ತದೆ. ಅಳತೆಯ ಸಾಧನದಿಂದ ದೂರವನ್ನೂ ವಿಸ್ತೀರ್ಣವನ್ನೂ ಅಳೆಯಬಹುದು. ಕಂಪ್ಯೂಟರಿನಲ್ಲಿ ತೆರೆದರೆ ಹಿಂದಿನ ವರ್ಷಗಳ ಚಿತ್ರಗಳೂ ಸಿಗುತ್ತವೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಿಚಾರಿಸಿ.

3. ದಿಶಾಂಕ್: ಇದು ನಮ್ಮ ರಾಜ್ಯ ಸರ್ಕಾರದ ಆ್ಯಪ್. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆ ಜಾಗ ಗೋಮಾಳವೋ, ಕೆರೆ ಅಂಗಳವೋ, ಯಾರದಾದರೂ ಹಿಡುವಳಿಯೋ ಎಂದು ತಿಳಿಯಲು ಇದು ಮೊದಲ ಹೆಜ್ಜೆ.

4. ಭುವನ್: ಇಸ್ರೋ ಸಂಸ್ಥೆ 2009ರಲ್ಲಿ ಆರಂಭಿಸಿದ ನಕ್ಷೆಗಳ ತಾಣ. ಉದ್ಯೋಗ ಖಾತರಿ ಯೋಜನೆಯಲ್ಲಿ ಆದ ಕಾಮಗಾರಿಗಳ ಸ್ಥಳ ಮತ್ತು ಫೋಟೊಗಳನ್ನು 2016ರಿಂದ ಇದರಲ್ಲಿ ಗುರುತಿಸಲಾಗುತ್ತಿದೆ. ನಿಮ್ಮ ಊರಿನಲ್ಲಿ ಈಗಾಗಲೇ ಎಲ್ಲೆಲ್ಲಿ ಏನೇನು ಕೆಲಸ ಆಗಿದೆ ಎಂದು ನೋಡಬಹುದು.

ಜಾಗ ಹುಡುಕುವ ಕ್ರಮ

ಹೆಜ್ಜೆ 1: ಸ್ಯಾಟಲೈಟ್ ಚಿತ್ರದಲ್ಲಿ ಮೊದಲು ನಿಮ್ಮ ಊರಿನ ಡೇರಿ, ದೇವಸ್ಥಾನ, ಕೆರೆ ಏರಿ ಗುರುತಿಸಿ. ಈ ಮೂರು ಸಿಕ್ಕಿದರೆ ಉಳಿದದ್ದು ಸುಲಭ.

ಹೆಜ್ಜೆ 2: ಹಳ್ಳ ಹುಡುಕಿ. ಹೊಲಗಳ ನಡುವೆ ಅಂಕುಡೊಂಕಾಗಿ ಹೋಗುವ ಮರ-ಪೊದೆಗಳ ಸಾಲು ಸಾಮಾನ್ಯವಾಗಿ ಹಳ್ಳವೇ ಆಗಿರುತ್ತದೆ. ಕೊರಕಲು ಬಿದ್ದ ಜಾಗ ಬೆರಳುಗಳಂತೆ ಕವಲೊಡೆದು ಕಾಣುತ್ತದೆ. ಬೇಸಿಗೆಯಲ್ಲಿ ತೆಗೆದ ಚಿತ್ರ ಸಿಕ್ಕಿದರೆ ಒಳ್ಳೆಯದು. ಆಗಲೂ ಹಸಿರಾಗಿರುವ ಜಾಗದಲ್ಲಿ ಒಂದೋ ಕೊಳವೆಬಾವಿಯ ನೀರಾವರಿ ಇದೆ, ಇಲ್ಲವೇ ಭೂಮಿಯಲ್ಲಿ ತೇವ ಇದೆ. ಯಾವುದೆಂದು ನಿಮಗೇ ಗೊತ್ತಿರುತ್ತದೆ.

ಹೆಜ್ಜೆ 3: ಟೆರೇನ್ ನಕ್ಷೆಗೆ ಬದಲಿಸಿ. ಒಂದು ಗೆರೆಯ ಉದ್ದಕ್ಕೂ ಎತ್ತರ ಒಂದೇ ಇರುತ್ತದೆ. ಗೆರೆಗಳು ಒತ್ತೊತ್ತಾಗಿದ್ದರೆ ಇಳಿಜಾರು ಕಡಿದು, ದೂರ ದೂರ ಇದ್ದರೆ ನೆಲ ಸಮತಟ್ಟು. ಗೆರೆಯ ಮೂತಿ ದಿಣ್ಣೆಯ ಕಡೆಗೆ ಚೂಪಾಗಿ ಬಾಗಿದ್ದರೆ ಅಲ್ಲಿ ನೀರು ಹರಿಯುವ ದಾರಿ ಇದೆ. ತಗ್ಗಿನ ಕಡೆಗೆ ಬಾಗಿದ್ದರೆ ಅದು ಏಣು, ಅಲ್ಲಿ ನೀರು ನಿಲ್ಲುವುದಿಲ್ಲ.

ಹೆಜ್ಜೆ 4: ಗೂಗಲ್ ಅರ್ಥ್‌ನಲ್ಲಿ ದಿಣ್ಣೆಯ ಎತ್ತರ, ನೀವು ನೆನೆಸಿದ ಜಾಗದ ಎತ್ತರ, ನಡುವಿನ ದೂರ ಬರೆದುಕೊಳ್ಳಿ. ಉದಾಹರಣೆಗೆ ದಿಣ್ಣೆ 812 ಮೀಟರ್, ಕೆಳಗಿನ ಜಾಗ 806 ಮೀಟರ್, ನಡುವೆ 300 ಮೀಟರ್ ದೂರ. ಎತ್ತರದ ವ್ಯತ್ಯಾಸ 6. ಅದನ್ನು 300ರಿಂದ ಭಾಗಿಸಿ 100ರಿಂದ ಗುಣಿಸಿದರೆ 2 ಬರುತ್ತದೆ. ಅಂದರೆ ಶೇ. 2ರ ಇಳಿಜಾರು.

ಹೆಜ್ಜೆ 5: ಆ ಜಾಗಕ್ಕೆ ನೀರು ಕೊಡುವ ಪ್ರದೇಶ ಎಷ್ಟು ಎಂದು ಅಳೆಯಿರಿ. ಎರಡೂ ಬದಿಯ ಏಣುಗಳ ಮೇಲೆ ಬೆರಳಿಟ್ಟು ಸುತ್ತಿಬಂದರೆ ಅಳತೆಯ ಸಾಧನ ವಿಸ್ತೀರ್ಣ ಹೇಳುತ್ತದೆ. ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು.

ಹೆಜ್ಜೆ 6: ಸರಿ ಎನಿಸಿದ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಪಿನ್ ಬೀಳುತ್ತದೆ. ಅದನ್ನು ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಿ. ಮರುದಿನ ಅದೇ ಜಾಗಕ್ಕೆ ನಡೆದು ಹೋಗಿ ದಿಶಾಂಕ್‌ನಲ್ಲಿ ಸರ್ವೆ ನಂಬರ್ ನೋಡಿ.

ಮಳೆಯ ಲೆಕ್ಕ

ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಒಂದು ಒಳ್ಳೆಯ ಮಳೆ 40 ಮಿಲಿಮೀಟರ್ ಬಂತು ಎನ್ನೋಣ. ಎಕರೆಗೆ 1.6 ಲಕ್ಷ ಲೀಟರ್ ಆಯಿತು. ಅದರಲ್ಲಿ ಕಾಲು ಭಾಗ ಹರಿದು ಬಂದರೂ 40,000 ಲೀಟರ್.

ಈಗ ಗೋಕಟ್ಟೆಯ ಲೆಕ್ಕ. ಮೇಲ್ಭಾಗ 10 ಮೀಟರ್ ಉದ್ದ, 10 ಮೀಟರ್ ಅಗಲ, ಆಳ 3 ಮೀಟರ್. ಬದಿಗಳನ್ನು ಇಳಿಜಾರಾಗಿ ತೋಡುವುದರಿಂದ ತಳ 4 ಮೀಟರ್ ಚೌಕಕ್ಕೆ ಇಳಿಯುತ್ತದೆ. ಅದರಲ್ಲಿ ಹಿಡಿಯುವುದು ಸುಮಾರು 1.56 ಲಕ್ಷ ಲೀಟರ್.

ನಾನು ಹೇಳಿದ ಊರಿನ ಗೋಕಟ್ಟೆಗೆ ನೀರು ಬರುತ್ತಿದ್ದದ್ದು ಒಂದು ಎಕರೆಗಿಂತ ಕಡಿಮೆ ಜಾಗದಿಂದ. ಒಂದು ಮಳೆಗೆ ಕಾಲುಭಾಗ ತುಂಬಿದರೆ ಹೆಚ್ಚು. ಮುಂದಿನ ಮಳೆ ಬರುವಷ್ಟರಲ್ಲಿ ಅದೂ ಇಂಗಿ, ಬಿಸಿಲಿಗೆ ಆವಿಯಾಗಿ ಹೋಗುತ್ತಿತ್ತು. ಹುಣಸೆಮರದ ಹತ್ತಿರದ ಹಳ್ಳಕ್ಕೆ ಹತ್ತು ಎಕರೆಗೂ ಮೇಲ್ಪಟ್ಟ ಜಾಗದಿಂದ ನೀರು ಬರುತ್ತಿತ್ತು. ಅಂದರೆ ಒಂದೇ ಮಳೆಗೆ 4 ಲಕ್ಷ ಲೀಟರ್! ತುಂಬಿದ ಗೋಕಟ್ಟೆಯ ನೀರು 60 ರಾಸುಗಳಿಗೆ ಲೆಕ್ಕದ ಪ್ರಕಾರ 43 ದಿನ ಬರುತ್ತದೆ. ಇಂಗುವುದು, ಆವಿಯಾಗುವುದನ್ನು ಕಳೆದರೆ ಅದಕ್ಕಿಂತ ಕಡಿಮೆ. ಆದರೆ ಮಳೆಗಾಲದಲ್ಲಿ ಮತ್ತೆ ಮತ್ತೆ ತುಂಬುತ್ತಿರುತ್ತದೆ.

ನಕ್ಷೆ ಎಲ್ಲಿ ತಪ್ಪುತ್ತದೆ?

ನಕ್ಷೆ ತೋರಿಸುವ ಎತ್ತರದಲ್ಲಿ ಕೆಲವು ಮೀಟರ್ ವ್ಯತ್ಯಾಸ ಇರಬಹುದು. ನಮ್ಮಂಥ ಸಮತಟ್ಟು ಸೀಮೆಯಲ್ಲಿ ಒಂದೆರಡು ಮೀಟರ್ ವ್ಯತ್ಯಾಸವನ್ನು ಮೊಬೈಲ್ ನೋಡಿ ತೀರ್ಮಾನಿಸಬೇಡಿ. ಮನೆ ಕಟ್ಟುವ ಮೇಸ್ತ್ರಿಗಳು ನೀರು ತುಂಬಿದ ಟ್ಯೂಬಿನಿಂದ ಮಟ್ಟ ನೋಡುತ್ತಾರಲ್ಲ, ಆ ಟ್ಯೂಬಿನಿಂದ ನೆಲದ ಮೇಲೇ ನೋಡಿ. ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಎಂದರೆ ಜೋರು ಮಳೆ ಬಂದು ನಿಂತ ಕೂಡಲೇ ಹೋಗಿ ನೀರು ಹೋಗುವ ದಾರಿ ನೋಡುವುದು.

ಚಿತ್ರ ಹಳೆಯದಾಗಿರಬಹುದು. ಹೊಸ ರಸ್ತೆ, ಲೇಔಟ್, ಇಟ್ಟಿಗೆ ಗೂಡಿಗೆ ಮಣ್ಣು ತೆಗೆದ ಗುಂಡಿ ಅದರಲ್ಲಿ ಇಲ್ಲದಿರಬಹುದು. ರಸ್ತೆ ಎತ್ತರಿಸಿದ ಮೇಲೆ ನೀರಿನ ದಾರಿಯೇ ಬದಲಾಗಿರಬಹುದು.

ಮಣ್ಣಿನ ಗುಣ ಈ ಚಿತ್ರಗಳಲ್ಲಿ ತಿಳಿಯುವುದಿಲ್ಲ. ಮರಳು ಮಣ್ಣಿನಲ್ಲಿ ನೀರು ನಿಲ್ಲದು. ಒಂದು ಮೊಳ ಆಳದ ಗುಂಡಿ ತೆಗೆದು ಬೆಳಿಗ್ಗೆ ನೀರು ತುಂಬಿಸಿ, ಸಂಜೆ ಎಷ್ಟು ಉಳಿದಿದೆ ನೋಡಿ. ಸುಜಲ-3 ಯೋಜನೆಯಲ್ಲಿ ಹಲವು ಕಿರು ಜಲಾನಯನಗಳ ಮಣ್ಣಿನ ನಕ್ಷೆಯನ್ನು ಸರ್ವೆ ನಂಬರ್ ಪ್ರಕಾರ ತಯಾರಿಸಿದ್ದಾರೆ. ನಿಮ್ಮ ಊರು ಅದರಲ್ಲಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ದಿಶಾಂಕ್ ತೋರಿಸುವ ಗಡಿಯನ್ನು ಜಗಳಕ್ಕೆ ಸಾಕ್ಷಿ ಮಾಡಿಕೊಳ್ಳಬೇಡಿ. ಗಡಿಯ ವಿಷಯದಲ್ಲಿ ಭೂಮಾಪಕರ ಅಳತೆಯೇ ಅಂತಿಮ.

ಎಲ್ಲಿ ಏನು ಮಾಡಬೇಕು?

ಜಲಾನಯನದ ಕೆಲಸ ದಿಣ್ಣೆಯಿಂದ ಆರಂಭವಾಗಿ ಹಳ್ಳಕ್ಕೆ ಇಳಿಯಬೇಕು. ಮೇಲಿನ ಮಣ್ಣನ್ನು ತಡೆಯದೆ ಕೆಳಗೆ ಗೋಕಟ್ಟೆ ತೋಡಿದರೆ ಕೆಲವೇ ವರ್ಷಗಳಲ್ಲಿ ಹೂಳು ತುಂಬುತ್ತದೆ.

- ದಿಣ್ಣೆಯ ಮೇಲೆ: ಸಮಎತ್ತರದ ಗೆರೆಯಲ್ಲಿ ಕಂದಕ, ಹೊಂಗೆ ಮತ್ತು ಬೇವಿನ ಗಿಡ. ಗೋಮಾಳದಲ್ಲಿ ಸ್ಟೈಲೋ, ಅಂಜನ್ ಹುಲ್ಲಿನ ಬೀಜ ಎರಚಬಹುದು. ಇದರಿಂದ ಮಣ್ಣೂ ನಿಲ್ಲುತ್ತದೆ, ಮೇವೂ ಸಿಗುತ್ತದೆ.
- ನಡುವಿನ ಹೊಲಗಳಲ್ಲಿ: ಇಳಿಜಾರಿಗೆ ಅಡ್ಡಲಾಗಿ ಬದು. ಬದುವಿನ ಮೇಲೆ ಅಗಸೆ, ಗ್ಲಿರಿಸಿಡಿಯಾ ಅಥವಾ ನೇಪಿಯರ್ ಹುಲ್ಲು.
- ಕೊರಕಲುಗಳಲ್ಲಿ: ಕಲ್ಲಿನ ತಡೆ.
- ಕೆಳಗೆ: ಹಳ್ಳದ ನಟ್ಟನಡುವೆ ಅಲ್ಲ, ಹಳ್ಳದ ಪಕ್ಕದಲ್ಲಿ ಗೋಕಟ್ಟೆ. ನೀರು ಒಳಬರುವ ಬಾಯಲ್ಲಿ ಹೂಳು ನಿಲ್ಲುವ ಸಣ್ಣ ಗುಂಡಿ, ಹೆಚ್ಚಾದ ನೀರು ಹೊರಹೋಗಲು ಕೋಡಿ ಇರಲೇಬೇಕು.

ರಾಜಕಾಲುವೆಗೆ ಅಡ್ಡ ಕಟ್ಟಬೇಡಿ. ಕೆಳಗಿನ ಊರಿನ ಕೆರೆಗೂ, ಅಲ್ಲಿನ ಹಸುಗಳಿಗೂ ಅದೇ ನೀರು.

ತಿಪ್ಪೆಯ ಜಾಗವನ್ನೂ ನಕ್ಷೆಯಲ್ಲಿ ನೋಡಿ. ಗೋಕಟ್ಟೆಗೆ ಅಥವಾ ಕುಡಿಯುವ ನೀರಿನ ಬಾವಿಗೆ ಮೇಲ್ಗಡೆ ತಿಪ್ಪೆ ಇದ್ದರೆ ಮಳೆ ಬಂದಾಗ ಸಗಣಿ-ಗಂಜಲ ಎಲ್ಲ ಅಲ್ಲಿಗೇ ಇಳಿಯುತ್ತದೆ.

ಗ್ರಾಮಸಭೆಗೆ ಹೋಗುವ ಮುನ್ನ

ಕರ್ನಾಟಕ ಭೂಕಂದಾಯ ನಿಯಮಗಳು, 1966ರ ಪ್ರಕಾರ ನೂರು ಜಾನುವಾರುಗಳಿಗೆ 30 ಎಕರೆಯಂತೆ ಊರಿಗೆ ಗೋಮಾಳ ಇರಬೇಕು. ನಿಮ್ಮ ಊರಿನ ಗೋಮಾಳದ ಸರ್ವೆ ನಂಬರ್ ಯಾವುದು, ಎಷ್ಟು ಎಕರೆ ಎಂದು ಮೊದಲು ತಿಳಿದುಕೊಳ್ಳಿ. ಆಮೇಲೆ ಸಂಘದ ಪತ್ರದ ಮೇಲೆ ಅರ್ಜಿ ಬರೆಯಿರಿ. ಅದರಲ್ಲಿ ಇವಿಷ್ಟು ಇರಲಿ:

- ಜಾಗದ ಸರ್ವೆ ನಂಬರ್ ಮತ್ತು ಪಿನ್
- ನಕ್ಷೆಯ ಚಿತ್ರದ ಮುದ್ರಿತ ಪ್ರತಿ, ಅದರಲ್ಲಿ ಹಳ್ಳಕ್ಕೆ ಪೆನ್ನಿನಿಂದ ಗೆರೆ
- ಎಷ್ಟು ಎಕರೆಯ ನೀರು ಅಲ್ಲಿಗೆ ಬರುತ್ತದೆ
- ಊರಿನ ರಾಸುಗಳ ಸಂಖ್ಯೆ, ದಿನಕ್ಕೆ ಬೇಕಾದ ನೀರು
- ಮಳೆ ಬಂದಾಗ ತೆಗೆದ ಒಂದು ಫೋಟೊ
- ಸದಸ್ಯೆಯರ ಸಹಿ

ವಾರ್ಷಿಕ ಕ್ರಿಯಾಯೋಜನೆ ಸಿದ್ಧವಾಗುವ ಮೊದಲೇ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಜಾಗ ಗೊತ್ತುಮಾಡುವ ದಿನ ಎಂಜಿನಿಯರ್ ಜೊತೆ ನಿಮ್ಮಲ್ಲಿ ಇಬ್ಬರಾದರೂ ನಡೆದು ಹೋಗಿ.

ಗೋಕಟ್ಟೆ ಆದ ಮೇಲೆ

ರಾಸುಗಳನ್ನು ನೀರಿನೊಳಗೆ ಇಳಿಯಲು ಬಿಡಬೇಡಿ. ನಿಂತ ನೀರಿನ ಅಂಚಿನಲ್ಲಿ ಬಸವನಹುಳು ಬೆಳೆಯುತ್ತದೆ. ಅದರಿಂದ ಯಕೃತ್ತಿನ ಹುಳುವಿನ ಬಾಧೆ ಬಂದು ಹಸು ಸೊರಗುತ್ತದೆ, ಗದ್ದದ ಕೆಳಗೆ ನೀರು ತುಂಬಿದ ಬಾವು ಬರುತ್ತದೆ. ನೀರನ್ನು ಹೊರಗೆ ತೊಟ್ಟಿಗೆ ಬಿಟ್ಟು ಕುಡಿಸಿ. ಸುತ್ತಲೂ ಬೇಲಿ ತಪ್ಪದೆ ಹಾಕಿಸಿ. ಮೂರು ಮೀಟರ್ ಆಳದ ನೀರು ಮಕ್ಕಳ ಜೀವಕ್ಕೆ ಅಪಾಯ.

ಆ ಊರಿನಲ್ಲಿ ಏನಾಯಿತು?

ಸಂಘದ ಸದಸ್ಯೆಯರು ಅರ್ಜಿ, ನಕ್ಷೆ ಹಿಡಿದು ಗ್ರಾಮಸಭೆಗೆ ಹೋದರು. "ಒಂದು ಗೋಕಟ್ಟೆ ಇದೆಯಲ್ಲ, ಇನ್ನೊಂದು ಯಾಕೆ?" ಎಂಬ ಪ್ರಶ್ನೆ ಬಂತು. ಕಾರ್ಯದರ್ಶಿ ಒಂದು ಎಕರೆಗೂ ಹತ್ತು ಎಕರೆಗೂ ಇರುವ ಲೆಕ್ಕ ಓದಿ ಹೇಳಿದರು. ಅಜ್ಜಿಯೂ ಎದ್ದು ನಿಂತು ಹುಣಸೆಮರದ ವಿಷಯ ಹೇಳಿದರು. ಈ ಸಲ ಎಲ್ಲರೂ ಕೇಳಿದರು.

ಎಂಜಿನಿಯರ್ ಬಂದು ಉಪಕರಣದಿಂದ ಮಟ್ಟ ನೋಡಿ, ನಾವು ಪಿನ್ ಹಾಕಿದ್ದ ಜಾಗದಿಂದ ಸುಮಾರು 40 ಮೀಟರ್ ಕೆಳಗೆ ಗುರುತು ಹಾಕಿದರು. ನಾವು ಹೇಳಿದ ಜಾಗದಲ್ಲಿ ಸ್ವಲ್ಪ ಆಳಕ್ಕೇ ಬಂಡೆ ಇತ್ತು. ಅದು ನಕ್ಷೆಯಲ್ಲಿ ಕಾಣುವಂಥದ್ದಲ್ಲ. ಕಳೆದ ಮುಂಗಾರಿನಲ್ಲಿ ಹೊಸ ಗೋಕಟ್ಟೆ ತುಂಬಿ ಕೋಡಿ ಹರಿಯಿತು. ಫೆಬ್ರವರಿ ಕೊನೆಯವರೆಗೆ ನೀರಿತ್ತು. ಬೇಸಿಗೆ ಪೂರ್ತಿ ಬರಲಿಲ್ಲ, ಏಪ್ರಿಲ್‌ನಲ್ಲಿ ಮತ್ತೆ ಟ್ಯಾಂಕರ್ ಬೇಕಾಯಿತು. ಈಗ ಸದಸ್ಯೆಯರು ದಿಣ್ಣೆಯ ಮೇಲೆ ಕಂದಕ ತೆಗೆಸಲು ಎರಡನೇ ಅರ್ಜಿ ಬರೆದಿದ್ದಾರೆ. ಅದರ ನಕ್ಷೆಯನ್ನು ಅವರೇ ತಯಾರಿಸಿದ್ದಾರೆ, ನನ್ನನ್ನು ಕೇಳಲಿಲ್ಲ.

ಈ ತಿಂಗಳ ಮನೆಪಾಠ

ನಿಮ್ಮ ಊರಿನ ಹಳ್ಳ ಎಲ್ಲಿ ಹುಟ್ಟಿ ಯಾವ ಕೆರೆಗೆ ಸೇರುತ್ತದೆ ಎಂದು ಮೊಬೈಲಿನಲ್ಲಿ ಹುಡುಕಿ. ಮನೆಯಲ್ಲಿ ಓದುವ ಮಗಳೋ ಮಗನೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಊರಿನ ಹಿರಿಯ ಹೆಂಗಸರಿಗೆ ಆ ಚಿತ್ರ ತೋರಿಸಿ, "ಮಳೆ ನೀರು ಯಾವ ದಾರಿಯಲ್ಲಿ ಹೋಗ್ತದೆ?" ಎಂದು ಕೇಳಿ. ಅವರು ಹೇಳಿದ್ದನ್ನೂ ನಕ್ಷೆಯಲ್ಲಿ ಕಂಡದ್ದನ್ನೂ ಒಂದೇ ಹಾಳೆಯಲ್ಲಿ ಬರೆದು ಮುಂದಿನ ಸಂಘದ ಸಭೆಗೆ ತನ್ನಿ. ನಾನು ಹಳ್ಳಿ ಭೇಟಿಗೆ ಬಂದಾಗ ಆ ಹಾಳೆಯನ್ನು ತೋರಿಸಿ, ಒಟ್ಟಿಗೆ ಕೂತು ನೋಡೋಣ.